ಅಡಿಕೆ ಟೆಂಡರ್ ಗೊತ್ತಿದ್ದವರಿಗೆ ಲಿಮಿಟ್ ಆರ್ಡರ್: ಕ್ರಿಪ್ಟೋದಲ್ಲಿ ದರ ನೀವೇ ಬರೆಯುವುದು ಹೇಗೆ

ಕಳೆದ ಮಳೆಗಾಲದ ಒಂದು ರಾತ್ರಿ ಅಕ್ಕನ ಮಗ ಕುಮಟಾದಿಂದ ಫೋನ್ ಮಾಡಿದ. ದನಿಯಲ್ಲಿ ಗಾಬರಿ.

“ಮಾವ, ಆ್ಯಪಿನಲ್ಲಿ 200 ರೂಪಾಯಿ ಅಂತ ತೋರಿಸ್ತಾ ಇತ್ತು. 300 ಕಾಯಿನ್ ತಗೊಳ್ಳೋಣ ಅಂತ ಒತ್ತಿದೆ. 60 ಸಾವಿರ ಆಗ್ಬೇಕಿತ್ತು, 61,460 ಹೋಗಿದೆ. ಇದು ಮೋಸ ಅಲ್ವಾ?”

ಮೋಸ ಅಲ್ಲ. ಅವನು ಒತ್ತಿದ್ದು ‘ಮಾರ್ಕೆಟ್’ ಅನ್ನುವ ಬಟನ್. ಅದರ ಪಕ್ಕದಲ್ಲೇ ‘ಲಿಮಿಟ್’ ಅಂತ ಇನ್ನೊಂದಿತ್ತು. ಅದರಲ್ಲಿ ದರವನ್ನು ತಾನೇ ಬರೆಯಬೇಕು. ಏನು ಬರೆಯಬೇಕು ಅಂತ ತಿಳಿಯದೆ ಅದನ್ನು ಬಿಟ್ಟಿದ್ದ. ಆ 1,460 ರೂಪಾಯಿ ಯಾರ ಕೈಗೆ ಹೋಯಿತು ಅಂತ ಬಿಡಿಸಿ ಹೇಳಲು ನನಗೆ ಒಂದು ಗಂಟೆ ಹಿಡಿಯಿತು. ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್, ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೋದರೆ ಮನೆಗೆ ತೊಂದರೆ ಆಗದಷ್ಟು ಹಣ ಮಾತ್ರ ಅದರಲ್ಲಿರಬೇಕು. ತೋಟದ ಗೊಬ್ಬರಕ್ಕೆ, ಕೊನೆಕೊಯ್ಲಿಗೆ, ಮಕ್ಕಳ ಫೀಸಿಗೆ ಇಟ್ಟ ಹಣ ಅಲ್ಲಿಗೆ ಹೋಗಬಾರದು. ಆದರೆ ಕೊಳ್ಳುವವರು ಕೊಳ್ಳುತ್ತಲೇ ಇದ್ದಾರೆ. ಅವರು ಕಣ್ಣುಮುಚ್ಚಿ ಒತ್ತದಿರಲಿ ಅನ್ನುವುದು ನನ್ನ ಆಸೆ. ಇನ್ನೊಂದು ಮಾತು: ಇಲ್ಲಿ ಹೇಳುವುದೆಲ್ಲ ‘ಸ್ಪಾಟ್’ ವ್ಯಾಪಾರಕ್ಕೆ, ಅಂದರೆ ಪೂರ್ತಿ ಹಣ ಕೊಟ್ಟು ಕಾಯಿನ್ ಕೊಳ್ಳುವುದಕ್ಕೆ. ಸಾಲದ ಬಲದ ಮೇಲೆ ಆಡುವ ಫ್ಯೂಚರ್ಸ್ ಕಡೆ ಹೊಸಬರು ಹೋಗಲೇಬೇಡಿ.

ಮೀನಿನ ಹರಾಜು, ಅಡಿಕೆಯ ಟೆಂಡರ್

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಎರಡು ಬಗೆಯ ಆರ್ಡರ್ ತಿಳಿಯುವುದು ಕಷ್ಟವಲ್ಲ. ಎರಡನ್ನೂ ನಾವು ಕಣ್ಣಾರೆ ಕಂಡಿದ್ದೇವೆ.

ಕಾರವಾರದ ಬೈತಖೋಲ್ ಬಂದರಿಗೋ ತದಡಿಗೋ ಬೋಟು ಬಂದಾಗ ನೋಡಿ. ಬುಟ್ಟಿ ತುಂಬ ಬಂಗಡೆ. ಹೊತ್ತು ಏರಿದಂತೆ ಮೀನು ಕೆಡುತ್ತದೆ. ಆ ಹೊತ್ತಿಗೆ ಅಲ್ಲಿ ನಿಂತವರು ಏನು ದರ ಕೂಗುತ್ತಾರೋ ಅದಕ್ಕೆ ಕೊಡಬೇಕು. ಇದು ಮಾರ್ಕೆಟ್ ಆರ್ಡರ್. ಈಗಲೇ ಆಗಬೇಕು, ದರ ಎಷ್ಟಾದರೂ ಸರಿ.

ಇನ್ನು ಘಟ್ಟ ಹತ್ತಿ ಶಿರಸಿಗೆ ಬನ್ನಿ. ಸೊಸೈಟಿಯ ಅಂಗಳದಲ್ಲಿ ಚಾಲಿ, ರಾಶಿ, ಬೆಟ್ಟೆ ಅಂತ ಬೇರೆ ಬೇರೆ ಮಹಸೂಲು. 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿ ಇಲ್ಲಿಯವರಿಗೆ ಮನೆಯ ಅಂಗಳ ಇದ್ದಂತೆ. ವ್ಯಾಪಾರಿಗಳು ಅಡಿಕೆ ನೋಡಿ ದರ ಬರೆಯುತ್ತಾರೆ. ಜಾಸ್ತಿ ಬರೆದವರ ದರ ನಮಗೆ ತಿಳಿಯುತ್ತದೆ. ಒಪ್ಪಿಗೆಯಾದರೆ ವಿಕ್ರಿ, ಆಗದಿದ್ದರೆ ಇಲ್ಲ. ನಮ್ಮ ಅಪ್ಪಯ್ಯ ಬೆಳಗ್ಗೆಯೇ ಹೇಳಿ ಕಳಿಸುತ್ತಿದ್ದರು: “ಇಷ್ಟಕ್ಕಿಂತ ಕಡಿಮೆ ಬಂದ್ರೆ ಕೊಡೋದು ಬೇಡ, ವಾಪಸ್ ಇಟ್ಟು ಬಾ.” ಒಣಗಿದ ಅಡಿಕೆ ಕಾಯುತ್ತದೆ, ಹಾಗಾಗಿ ನಾವೂ ಕಾಯಬಹುದು. ಅಪ್ಪಯ್ಯನ ಆ ಮಾತೇ ಲಿಮಿಟ್ ಆರ್ಡರ್.

ಕಾಯಿನ್ ಮೀನಿನ ಹಾಗೆ ಕೆಡುವುದಿಲ್ಲ. ಅದು ಅಡಿಕೆಯ ಹಾಗೆ ಕಾಯುತ್ತದೆ. ಆದರೂ ಫೋನ್ ಕೈಗೆ ಬಂದ ಕೂಡಲೇ ನಮ್ಮ ಹುಡುಗರು ಅದನ್ನು ಬಂಗಡೆಯ ಹಾಗೆ ಕೊಂಡು ಮಾರುತ್ತಾರೆ. ಕ್ವಿಂಟಲ್‌ಗೆ 200 ರೂಪಾಯಿ ಕಡಿಮೆ ಬಂತು ಅಂತ ಅಡಿಕೆ ವಾಪಸ್ ತರುವ ಮನೆಯ ಮಗ, ಇಲ್ಲಿ 1,460 ರೂಪಾಯಿಯನ್ನು ಒಂದೇ ಒತ್ತಿಗೆ ಬಿಟ್ಟುಕೊಡುತ್ತಾನೆ. ನನಗೆ ಬೇಸರವಾಗಿದ್ದು ಅದಕ್ಕೆ.

ಲಿಮಿಟ್ ಆರ್ಡರಿನ ನಿಯಮ ಎರಡೇ ಸಾಲು. ಕೊಳ್ಳುವಾಗ: ನಾನು ಬರೆದ ದರಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ಕೊಳ್ಳು. ಮಾರುವಾಗ: ನಾನು ಬರೆದ ದರಕ್ಕೆ ಅಥವಾ ಅದಕ್ಕಿಂತ ಜಾಸ್ತಿಗೆ ಹೋದರೆ ಮಾತ್ರ ಮಾರು. ದರದ ಭರವಸೆ ಇದೆ, ಆಗಿಯೇ ತೀರುತ್ತದೆ ಅನ್ನುವ ಭರವಸೆ ಇಲ್ಲ. ಮಾರ್ಕೆಟ್ ಆರ್ಡರಿನಲ್ಲಿ ಇದು ಉಲ್ಟಾ.

ಮೊದಲ ಹೆಜ್ಜೆ: ಆರ್ಡರ್ ಬುಕ್ ಓದಿ

ಬಟನ್ ಒತ್ತುವ ಮುಂಚೆ ‘ಆರ್ಡರ್ ಬುಕ್’ ಅನ್ನುವ ಪಟ್ಟಿ ತೆರೆಯಿರಿ. ಕೆಲವು ಆ್ಯಪ್‌ಗಳಲ್ಲಿ ಅದು ಮುಖಪುಟದಲ್ಲಿ ಕಾಣುವುದಿಲ್ಲ. ‘ಟ್ರೇಡ್’, ‘ಪ್ರೊ’ ಅಥವಾ ‘ಅಡ್ವಾನ್ಸ್ಡ್’ ಅನ್ನುವ ಕಡೆ ಹೋಗಬೇಕು. ಸುಲಭವಾಗಿ ಕೊಳ್ಳಿ ಅಂತ ದೊಡ್ಡ ಬಟನ್ ಮಾತ್ರ ಇಟ್ಟು ಈ ಪಟ್ಟಿಯನ್ನೇ ತೋರಿಸದ ಆ್ಯಪ್ ಆದರೆ, ಅಲ್ಲಿ ನೀವು ದರ ಬರೆಯಲು ಆಗುವುದೇ ಇಲ್ಲ. ಅಂಥದ್ದನ್ನು ನಾನು ಬಳಸುವುದಿಲ್ಲ.

ಪಟ್ಟಿಯಲ್ಲಿ ಎರಡು ಬಣ್ಣ. ಹಸಿರಿನಲ್ಲಿ ಇರುವವರು ಕೊಳ್ಳಲು ಕಾಯುತ್ತಿರುವವರು. ಅದನ್ನು ‘ಬಿಡ್’ ಅನ್ನುತ್ತಾರೆ. ಕೆಂಪಿನಲ್ಲಿ ಇರುವವರು ಮಾರಲು ಕಾಯುತ್ತಿರುವವರು. ಅದು ‘ಆಸ್ಕ್’. ಪ್ರತಿ ಸಾಲಿನಲ್ಲೂ ಒಂದು ದರ, ಆ ದರಕ್ಕೆ ಎಷ್ಟು ಕಾಯಿನ್ ಅನ್ನುವ ಲೆಕ್ಕ. ಅಕ್ಕನ ಮಗ ಕೊಂಡ ಆ ಸಣ್ಣ ಕಾಯಿನ್‌ನ ಪಟ್ಟಿ ಅವತ್ತು ಹೀಗಿತ್ತು ಅಂತ ಇಟ್ಟುಕೊಳ್ಳಿ.

ಮಾರುವವರ ಸಾಲು: 200 ರೂಪಾಯಿಗೆ 40 ಕಾಯಿನ್. 201ಕ್ಕೆ 60. 204ಕ್ಕೆ 100. 210ಕ್ಕೆ 200.

ಕೊಳ್ಳುವವರ ಸಾಲು: 199ಕ್ಕೆ 50. 198ಕ್ಕೆ 80. 196ಕ್ಕೆ 150. 190ಕ್ಕೆ 300.

ಆ್ಯಪ್ ದೊಡ್ಡ ಅಕ್ಷರದಲ್ಲಿ 200 ಅಂತ ತೋರಿಸಿದ್ದು ಸುಳ್ಳಲ್ಲ. ಆದರೆ 200ಕ್ಕೆ ಇದ್ದಿದ್ದು ಬರೀ 40 ಕಾಯಿನ್. ಅವನಿಗೆ ಬೇಕಿದ್ದದ್ದು 300. ಮಾರ್ಕೆಟ್ ಆರ್ಡರ್ ಆ 40ನ್ನು ತೆಗೆದುಕೊಂಡಿತು, 8,000 ರೂಪಾಯಿ. ಸಾಕಾಗಲಿಲ್ಲ, 201ರ 60ನ್ನು ತೆಗೆದುಕೊಂಡಿತು, 12,060. ಇನ್ನೂ ಬೇಕು, 204ರ 100, ಅಲ್ಲಿಗೆ 20,400. ಕೊನೆಗೆ 210ರ ಸಾಲಿನಿಂದ 100, ಅದು 21,000. ಒಟ್ಟು 61,460. ಸರಾಸರಿ 204 ರೂಪಾಯಿ 87 ಪೈಸೆ. ಜಾಸ್ತಿ ಹೋದ ಹಣ ಮೇಲಿನ ದರ ಬರೆದು ಕೂತಿದ್ದ ಮಾರಾಟಗಾರರಿಗೆ ಸೇರಿತು. ಹೀಗೆ ದರ ಜಾರುವುದಕ್ಕೆ ‘ಸ್ಲಿಪೇಜ್’ ಅನ್ನುತ್ತಾರೆ.

ಇದನ್ನು ತಿಳಿಯಲು ಇನ್ನೊಂದು ಲೆಕ್ಕ ಮಾಡಿ. ಗಾಬರಿಯಲ್ಲಿ ಅವನು ಆ 300ನ್ನೂ ಅದೇ ಕ್ಷಣ ಮಾರ್ಕೆಟ್ ಆರ್ಡರಿನಲ್ಲಿ ಮಾರಿದ್ದರೆ? 199ಕ್ಕೆ 50, 198ಕ್ಕೆ 80, 196ಕ್ಕೆ 150, ಉಳಿದ 20 ಹೋಗುವುದು 190ಕ್ಕೆ. ಕೈಗೆ ಬರುವುದು 58,990. ಮಾರುಕಟ್ಟೆ ಒಂದು ರೂಪಾಯಿಯೂ ಬಿದ್ದಿಲ್ಲ, ಆದರೂ 2,470 ರೂಪಾಯಿ ಕಳೆದಂತಾಯಿತು. ಶುಲ್ಕ, ಟಿಡಿಎಸ್ (ಮಾರಿದಾಗಲೇ ಹಿಡಿದುಕೊಳ್ಳುವ ತೆರಿಗೆ) ಇದರ ಮೇಲೆ.

ಪಟ್ಟಿ ಓದುವಾಗ ಎರಡು ವಿಷಯ ನೋಡಿ. ಒಂದು, ಅತಿ ಮೇಲಿನ ಬಿಡ್ ಮತ್ತು ಅತಿ ಕೆಳಗಿನ ಆಸ್ಕ್ ನಡುವಿನ ಅಂತರ. ಇದಕ್ಕೆ ‘ಸ್ಪ್ರೆಡ್’ ಅಂತ ಹೆಸರು. ನಮ್ಮ ಲೆಕ್ಕದಲ್ಲಿ 1 ರೂಪಾಯಿ. ಎರಡು, ನಿಮಗೆ ಬೇಕಾದಷ್ಟು ಕಾಯಿನ್ ಹತ್ತಿರದ ಸಾಲುಗಳಲ್ಲಿ ಇದೆಯೋ ಇಲ್ಲವೋ. ಬಿಟ್‌ಕಾಯಿನ್, ಈಥರ್‌ನಂಥ ದೊಡ್ಡ ಕಾಯಿನ್‌ಗಳಲ್ಲಿ ಸಾಲುಗಳು ದಪ್ಪವಾಗಿರುತ್ತವೆ. ಅಲ್ಲಿ ಐದು ಸಾವಿರ ರೂಪಾಯಿಯ ಮಾರ್ಕೆಟ್ ಆರ್ಡರಿನಿಂದ ಹೇಳಿಕೊಳ್ಳುವಂಥ ನಷ್ಟ ಆಗುವುದಿಲ್ಲ. ಹೆಸರೇ ಕೇಳದ ಸಣ್ಣ ಕಾಯಿನ್‌ಗಳಲ್ಲಿ, ಅದರಲ್ಲೂ ರೂಪಾಯಿಯ ಜೋಡಿಯಲ್ಲಿ (ರೂಪಾಯಿ ಕೊಟ್ಟು ನೇರ ಕೊಳ್ಳುವ ಪಟ್ಟಿಯಲ್ಲಿ), ಸಾಲು ತೆಳ್ಳಗಿರುತ್ತದೆ. ಅಲ್ಲಿ ಲಿಮಿಟ್ ಬಿಟ್ಟು ಬೇರೆ ಆರ್ಡರ್ ಹಾಕಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎರಡನೇ ಹೆಜ್ಜೆ: ಆರ್ಡರ್ ಬರೆಯಿರಿ

‘ಬೈ’ ಒತ್ತಿ, ‘ಲಿಮಿಟ್’ ಆರಿಸಿ. ಎರಡು ಖಾನೆ ಬರುತ್ತವೆ: ದರ ಮತ್ತು ಪ್ರಮಾಣ. ಎರಡನ್ನೂ ತುಂಬಿದರೆ ಒಟ್ಟು ಹಣ ಎಷ್ಟು ಅಂತ ಕೆಳಗೆ ಬರುತ್ತದೆ. ಆ ಒಟ್ಟನ್ನು ಬಾಯಿಬಿಟ್ಟು ಓದಿ. ಹತ್ತು ಸಾವಿರವೋ ಒಂದು ಲಕ್ಷವೋ ಅಂತ ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಬಿಟ್‌ಕಾಯಿನ್ ಅಂತೂ 8 ದಶಮಾಂಶ ಸ್ಥಾನದವರೆಗೆ ಒಡೆಯುತ್ತದೆ. 0.001 ಮತ್ತು 0.0001ರ ನಡುವೆ ಒಂದು ಸೊನ್ನೆ ತಪ್ಪಿದರೆ ಹತ್ತು ಪಟ್ಟು ಹೆಚ್ಚುಕಡಿಮೆ.

ದರದ ಖಾನೆಯಲ್ಲಿ ಆಗುವ ತಪ್ಪು ಇನ್ನೂ ಕೆಟ್ಟದ್ದು. 201 ಬರೆಯುವ ಕಡೆ 2010 ಬರೆದರೆ ಏನಾಗುತ್ತದೆ? ‘2010ಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ’ ಅಂತ ಅರ್ಥ. ಆಗ ನಿಮ್ಮ ಲಿಮಿಟ್ ಆರ್ಡರ್ ಮಾರ್ಕೆಟ್ ಆರ್ಡರಿನ ಹಾಗೇ ಕೆಂಪು ಸಾಲುಗಳನ್ನು ಒಂದೊಂದಾಗಿ ಬಾಚಿಕೊಳ್ಳುತ್ತದೆ. ಮಾರುವಾಗ 200ರ ಬದಲು 20 ಬರೆದರೂ ಇದೇ ಕತೆ, ಹಸಿರು ಸಾಲುಗಳ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಲವು ಎಕ್ಸ್‌ಚೇಂಜ್‌ಗಳು (ಕಾಯಿನ್ ಕೊಂಡು ಮಾರುವ ಆ್ಯಪ್ ನಡೆಸುವ ಕಂಪನಿಗಳು) ಇಂಥ ದರವನ್ನು ತಡೆಯುತ್ತವೆ. ಅವು ತಡೆಯುತ್ತವೆ ಅಂತ ನಂಬಿ ಕೂರಬೇಡಿ.

ಈಗ ಅಕ್ಕನ ಮಗ 300 ಕಾಯಿನ್‌ಗೆ 201 ಅಂತ ಲಿಮಿಟ್ ಬರೆದಿದ್ದರೆ ಏನಾಗುತ್ತಿತ್ತು ನೋಡಿ. 200ರ 40, 201ರ 60 ಆ ಕ್ಷಣವೇ ಸಿಗುತ್ತಿತ್ತು, 20,060 ರೂಪಾಯಿಗೆ. ಉಳಿದ 200 ಕಾಯಿನ್‌ನ ಆರ್ಡರ್ 201ರ ದರದಲ್ಲಿ ಹಸಿರು ಸಾಲಿನ ತುದಿಯಲ್ಲಿ ಹೋಗಿ ನಿಲ್ಲುತ್ತಿತ್ತು. ಯಾರಾದರೂ 201ಕ್ಕೆ ಮಾರಲು ಬಂದರೆ ಅದು ತುಂಬುತ್ತದೆ, ಬಾರದಿದ್ದರೆ ಇಲ್ಲ. ಹೀಗೆ ಅರ್ಧ ಆಗಿ ಅರ್ಧ ಉಳಿಯುವುದು ಸಾಮಾನ್ಯ. ‘ಪಾರ್ಷಿಯಲಿ ಫಿಲ್ಡ್’ ಅಂತ ಕಂಡರೆ ಗಾಬರಿ ಬೇಡ.

ಇಲ್ಲಿ ಶುಲ್ಕದ ವಿಷಯವೂ ಬರುತ್ತದೆ. ಪಟ್ಟಿಯಲ್ಲಿ ಆಗಲೇ ಇದ್ದದ್ದನ್ನು ತೆಗೆದುಕೊಂಡವರು ‘ಟೇಕರ್’. ಪಟ್ಟಿಗೆ ಹೊಸ ಆರ್ಡರ್ ಸೇರಿಸಿ ಕಾದವರು ‘ಮೇಕರ್’. ಬಹಳಷ್ಟು ಎಕ್ಸ್‌ಚೇಂಜ್‌ಗಳು ಮೇಕರ್‌ಗೆ ಶುಲ್ಕ ಕಡಿಮೆ ಇಡುತ್ತವೆ. ಲಿಮಿಟ್ ಹಾಕಿದ ಮಾತ್ರಕ್ಕೆ ಮೇಕರ್ ಆಗುವುದಿಲ್ಲ ಅನ್ನುವುದನ್ನು ಗಮನಿಸಿ. ಮೇಲಿನ ಲೆಕ್ಕದಲ್ಲಿ ಮೊದಲ 100ಕ್ಕೆ ಅವನು ಟೇಕರ್, ಉಳಿದ 200 ತುಂಬಿದರೆ ಅದಕ್ಕೆ ಮೇಕರ್. ಮೇಕರ್ ಆಗಿಯೇ ಇರಬೇಕು ಅಂದರೆ ‘ಪೋಸ್ಟ್ ಓನ್ಲಿ’ ಅನ್ನುವ ಗುರುತು ಹಾಕಿ. ತಕ್ಷಣ ಹೊಂದಿಕೆಯಾಗುವ ದರ ಬರೆದಿದ್ದರೆ ಆ ಆರ್ಡರನ್ನು ವ್ಯವಸ್ಥೆಯೇ ರದ್ದು ಮಾಡುತ್ತದೆ.

ಅವಧಿಯ ಆಯ್ಕೆಯೂ ಕೆಲವು ಕಡೆ ಇರುತ್ತದೆ. ‘ಜಿಟಿಸಿ’ ಅಂದರೆ ನಾನು ರದ್ದು ಮಾಡುವವರೆಗೂ ಇರಲಿ. ‘ಐಒಸಿ’ ಅಂದರೆ ಈಗ ಸಿಕ್ಕಷ್ಟು ಕೊಡು, ಉಳಿದದ್ದು ಬೇಡ. ‘ಎಫ್‌ಒಕೆ’ ಅಂದರೆ ಕೊಟ್ಟರೆ ಪೂರ್ತಿ ಕೊಡು, ಇಲ್ಲದಿದ್ದರೆ ಏನೂ ಬೇಡ. ಹೊಸಬರಿಗೆ ಜಿಟಿಸಿ ಸಾಕು.

ಒಂದು ಸಣ್ಣ ಉಪಾಯ ಹೇಳುತ್ತೇನೆ. ಜನ 200, 250, 500 ಅಂತ ದುಂಡು ಸಂಖ್ಯೆಯನ್ನೇ ಬರೆಯುತ್ತಾರೆ. ಒಂದೇ ದರದಲ್ಲಿ ಹತ್ತಾರು ಆರ್ಡರ್ ಇದ್ದರೆ ಮೊದಲು ಬಂದವರಿಗೆ ಮೊದಲು. ನೀವು ಪಾಳಿಯ ಕೊನೆಯಲ್ಲಿ ನಿಲ್ಲುತ್ತೀರಿ. ಕೊಳ್ಳುವಾಗ 196ರ ಬದಲು 196.10, ಮಾರುವಾಗ 250ರ ಬದಲು 249.80 ಬರೆಯಿರಿ. ಹತ್ತಿಪ್ಪತ್ತು ಪೈಸೆ ಬಿಟ್ಟರೆ ಪಾಳಿಯಲ್ಲಿ ಬಹಳ ಮುಂದೆ ಬರುತ್ತೀರಿ.

ಕಾಯುವ ಹೊತ್ತು

ಆರ್ಡರ್ ಹಾಕಿದ ಮೇಲೆ ಅದಕ್ಕೆ ಬೇಕಾದ ಹಣ ಅಲ್ಲೇ ಕಟ್ಟಿಬೀಳುತ್ತದೆ. ಮಾರುವ ಆರ್ಡರ್ ಆದರೆ ಕಾಯಿನ್ ಕಟ್ಟಿಬೀಳುತ್ತದೆ. ಬ್ಯಾಲೆನ್ಸ್ ಕಡಿಮೆ ತೋರಿಸಿದರೆ ಕಳ್ಳತನ ಅಂತ ತಿಳಿಯಬೇಡಿ. ‘ಓಪನ್ ಆರ್ಡರ್ಸ್’ ನೋಡಿ, ಅಲ್ಲಿರುತ್ತದೆ. ರದ್ದು ಮಾಡಿದರೆ ವಾಪಸ್ ಬರುತ್ತದೆ. ತುಂಬದ ಆರ್ಡರ್ ರದ್ದು ಮಾಡಲು ಸಾಮಾನ್ಯವಾಗಿ ಶುಲ್ಕ ಇರುವುದಿಲ್ಲ.

ನಿಮ್ಮ ಆರ್ಡರ್ ಇರುವುದು ಎಕ್ಸ್‌ಚೇಂಜಿನ ಕಂಪ್ಯೂಟರಿನಲ್ಲಿ, ನಿಮ್ಮ ಫೋನಿನಲ್ಲಲ್ಲ. ಫೋನ್ ಆಫ್ ಆದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಈ ಮಾರುಕಟ್ಟೆಗೆ ಭಾನುವಾರ ಇಲ್ಲ, ದೀಪಾವಳಿ ಇಲ್ಲ, ರಾತ್ರಿ ಇಲ್ಲ. ಘಟ್ಟದ ಮೇಲಿನ ನಮ್ಮಂಥವರಿಗೆ ಇದು ಒಳ್ಳೆಯದೂ ಹೌದು, ಅಪಾಯವೂ ಹೌದು.

ನನಗೇ ಆದದ್ದು ಹೇಳುತ್ತೇನೆ. ಒಂದು ಜುಲೈಯಲ್ಲಿ, ನಡೆಯುತ್ತಿದ್ದ ದರಕ್ಕಿಂತ ನೂರಕ್ಕೆ 15ರಷ್ಟು ಕೆಳಗೆ ಒಂದು ಕಾಯಿನ್‌ಗೆ ಕೊಳ್ಳುವ ಲಿಮಿಟ್ ಹಾಕಿಟ್ಟಿದ್ದೆ. ಅಗ್ಗಕ್ಕೆ ಸಿಕ್ಕರೆ ಸಿಗಲಿ ಅಂತ. ಆ ವಾರ ಗಾಳಿಮಳೆಗೆ ಮರ ಬಿದ್ದು ಊರಿಗೆ ಎರಡು ದಿನ ಕರೆಂಟು ಇರಲಿಲ್ಲ. ಟವರೂ ಸತ್ತಿತ್ತು. ಮೂರನೇ ದಿನ ನೆಟ್‌ವರ್ಕ್ ಬಂದಾಗ ನೋಡಿದರೆ, ಆ ಕಾಯಿನ್ ಬಗ್ಗೆ ಕೆಟ್ಟ ಸುದ್ದಿ ಬಂದು ದರ ಅರ್ಧಕ್ಕೆ ಇಳಿದಿತ್ತು. ನನ್ನ ಆರ್ಡರ್ ದಾರಿಯಲ್ಲೇ ತುಂಬಿತ್ತು. ಸುದ್ದಿ ಕಂಡಿದ್ದರೆ ಖಂಡಿತ ರದ್ದು ಮಾಡುತ್ತಿದ್ದೆ.

ಆವತ್ತು ನನಗೆ ತಿಳಿದದ್ದು ಲಿಮಿಟ್ ಆರ್ಡರಿನ ನಿಜವಾದ ದೌರ್ಬಲ್ಯ. ಕೆಳಗೆ ಹಾಕಿಟ್ಟ ಕೊಳ್ಳುವ ಆರ್ಡರ್ ತುಂಬುವುದು ದರ ಬೀಳುವಾಗ ಮಾತ್ರ. ದರ ಸುಮ್ನೆ ಬೀಳುವುದಿಲ್ಲ, ಬಹಳ ಸಲ ಕಾರಣ ಇರುತ್ತದೆ. ನೀವು ದರ ಬರೆಯುವಾಗ ಆ ಕಾರಣ ಹುಟ್ಟಿರಲಿಲ್ಲ. ಹಾಗಾಗಿ ಮಳೆಗಾಲದಲ್ಲಿ, ಅಥವಾ ದೇವಿಮನೆ ಘಟ್ಟ ಇಳಿದು ಊರಿಗೆ ಹೋಗಿ ಎರಡು ದಿನ ಫೋನ್ ನೋಡುವುದಿಲ್ಲ ಅಂತ ಗೊತ್ತಿದ್ದಾಗ, ಕೊಳ್ಳುವ ಆರ್ಡರ್‌ಗಳನ್ನು ರದ್ದು ಮಾಡಿ ಹೋಗಿ. ಮಾರುವ ಆರ್ಡರ್ ಇದ್ದರೆ ಇರಲಿ, ಅದು ತುಂಬುವುದು ದರ ಏರಿದಾಗ. ಆದರೆ ಆ ದರ ಈಗಲೂ ನಿಮಗೆ ಒಪ್ಪಿಗೆಯೇ ಅಂತ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ಕಡೆಯ ನೋವೂ ಇದೆ. 196ಕ್ಕೆ ಬರೆದಿರುತ್ತೀರಿ, ದರ 196.50ರವರೆಗೆ ಇಳಿದು ಅಲ್ಲಿಂದ 240ಕ್ಕೆ ಏರುತ್ತದೆ. ಐವತ್ತು ಪೈಸೆಗೆ ತಪ್ಪಿತು ಅಂತ ಹೊಟ್ಟೆ ಉರಿಯುತ್ತದೆ. ಆಗ ಬೆನ್ನಟ್ಟಿ 240ಕ್ಕೆ ಕೊಳ್ಳಬೇಡಿ. ಇದಕ್ಕೆ ನಾನು ಮಾಡುವುದು ಹೀಗೆ: ಕೊಳ್ಳಬೇಕಾದ್ದನ್ನು ಮೂರು ಪಾಲು ಮಾಡಿ ಮೂರು ದರಕ್ಕೆ ಇಡುತ್ತೇನೆ. 198.10ಕ್ಕೆ ಒಂದು ಪಾಲು, 194.10ಕ್ಕೆ ಒಂದು, 188.10ಕ್ಕೆ ಒಂದು. ಎಲ್ಲವೂ ತುಂಬುವುದು ಅಪರೂಪ, ಯಾವುದೂ ತುಂಬದಿರುವುದೂ ಅಪರೂಪ. ಮನೆಯ ಅಡಿಕೆಯನ್ನೂ ಒಂದೇ ದಿನ ಪೂರ್ತಿ ಮಾರುವುದಿಲ್ಲ, ಅಲ್ವಾ?

ಮಾರುವ ದರ: ಮೊದಲು ತೆರಿಗೆಯ ಲೆಕ್ಕ

ಮಾರುವ ಲಿಮಿಟ್ ಎಲ್ಲಿಡಬೇಕು ಅನ್ನುವುದಕ್ಕೆ ಚಾರ್ಟ್ ನೋಡುವ ಮುಂಚೆ ಕಾಗದ ಪೆನ್ನು ತೆಗೆದುಕೊಳ್ಳಿ. ನಮ್ಮಲ್ಲಿ ಇದನ್ನು ಬಹಳ ಜನ ಮರೆಯುತ್ತಾರೆ. ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ರಿಟರ್ನ್ ಹಾಕಿಯೇ ಗೊತ್ತಿಲ್ಲದ ಮನೆಗಳಿವೆ. ಆದರೆ ಕ್ರಿಪ್ಟೋ ಲಾಭ ಕೃಷಿ ಆದಾಯವಲ್ಲ.

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ನೂರಕ್ಕೆ 30 ತೆರಿಗೆ, ಆ ತೆರಿಗೆಯ ಮೇಲೆ ನೂರಕ್ಕೆ 4 ಸೆಸ್. ನಿಮ್ಮ ಬೇರೆ ಆದಾಯ ಎಷ್ಟೇ ಕಡಿಮೆ ಇರಲಿ, ದರ ಇದೇ. ಕೊಂಡ ಬೆಲೆ ಬಿಟ್ಟರೆ ಬೇರೆ ಯಾವ ಖರ್ಚನ್ನೂ ಕಳೆಯಲು ಬಿಡುವುದಿಲ್ಲ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 2022ರ ಜುಲೈ 1ರಿಂದ ಮಾರಿದ ಮೊತ್ತದ ಮೇಲೆ ನೂರಕ್ಕೆ 1 ಟಿಡಿಎಸ್ ಕೂಡ ಇದೆ. ಗಮನಿಸಿ, ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ನಷ್ಟದಲ್ಲಿ ಮಾರಿದರೂ ಅದು ಹಿಡಿಯುತ್ತದೆ.

ಲೆಕ್ಕ ಮಾಡೋಣ. 200ರಂತೆ 300 ಕಾಯಿನ್ ಕೊಂಡಿರಿ, 60,000. 220ಕ್ಕೆ ಮಾರುವ ಲಿಮಿಟ್ ಇಟ್ಟಿರಿ, ತುಂಬಿತು, 66,000. ಲಾಭ 6,000 ಅಂತ ಆ್ಯಪ್ ತೋರಿಸುತ್ತದೆ. ತೆರಿಗೆ 1,800, ಸೆಸ್ 72, ಸೇರಿ 1,872. ಎಕ್ಸ್‌ಚೇಂಜ್ ಶುಲ್ಕ ನೂರು ರೂಪಾಯಿಗೆ 20 ಪೈಸೆ ಅಂತ ಹಿಡಿಯಿರಿ. ಕೊಳ್ಳುವಾಗ 120, ಮಾರುವಾಗ 132. ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ ಸೇರಿದರೆ ಒಟ್ಟು ಸುಮಾರು 297 ರೂಪಾಯಿ. ಕೈಗೆ ಉಳಿಯುವುದು 3,831. ಮಾರಿದಾಗ ಹಿಡಿದ 660 ರೂಪಾಯಿ ಟಿಡಿಎಸ್ ಆ 1,872ರಲ್ಲಿ ಕಳೆಯುತ್ತದೆ, ಆದರೆ ರಿಟರ್ನ್ ಹಾಕಿದರೆ ಮಾತ್ರ.

ದರ ನೂರಕ್ಕೆ 10 ಏರಿತು, ನಿಮಗೆ ಉಳಿದದ್ದು ನೂರಕ್ಕೆ ಆರೂ ಚಿಲ್ಲರೆ. ಹಾಗಾದರೆ 202ಕ್ಕೆ ಮಾರಿ, 199ಕ್ಕೆ ಮತ್ತೆ ಕೊಂಡು, ದಿನಕ್ಕೆ ನಾಲ್ಕು ಸಲ ಆಡುವುದರಲ್ಲಿ ಏನಿದೆ? ಪ್ರತಿ ಸಲವೂ ನೂರಕ್ಕೆ 1 ಟಿಡಿಎಸ್ ಹಣ ಕಟ್ಟಿಬೀಳುತ್ತಾ ಹೋಗುತ್ತದೆ. ನೂರು ಸಲ ಮಾರಿದರೆ ಕೈಯಲ್ಲಿ ಆಡುವ ಹಣವೇ ಕರಗಿರುತ್ತದೆ. ಲಿಮಿಟ್ ಇಡುವುದಾದರೆ ದೂರಕ್ಕೆ ಇಡಿ, ಅಪರೂಪಕ್ಕೆ ಇಡಿ.

ಯುಎಸ್‌ಡಿಟಿ ಜೋಡಿಯಲ್ಲಿ ವ್ಯಾಪಾರ ಮಾಡುವವರು ಇನ್ನೊಂದು ತಿಳಿಯಬೇಕು. ಯುಎಸ್‌ಡಿಟಿ ಅಂದರೆ ಬೆಲೆ ಒಂದು ಡಾಲರಿನ ಆಸುಪಾಸಿನಲ್ಲೇ ಇರುವ ಹಾಗೆ ಮಾಡಿದ ಕಾಯಿನ್. ಯುಎಸ್‌ಡಿಟಿ ಕೊಟ್ಟು ಬೇರೆ ಕಾಯಿನ್ ಕೊಂಡರೆ, ಕಾನೂನಿನ ಕಣ್ಣಿನಲ್ಲಿ ನೀವು ಯುಎಸ್‌ಡಿಟಿಯನ್ನು ಮಾರಿದಂತೆ. ಅದಕ್ಕೂ ಇದೇ ತೆರಿಗೆ, ಇದೇ ಟಿಡಿಎಸ್.

ಸ್ಟಾಪ್ ಲಿಮಿಟ್ ಅಂದರೆ ಬೇರೆ

200ಕ್ಕೆ ಕೊಂಡದ್ದು 180ಕ್ಕೆ ಬಿದ್ದರೆ ಮಾರಿ ಹೊರಗೆ ಬರಬೇಕು ಅಂತ ಕೆಲವರು 180ಕ್ಕೆ ಮಾರುವ ಲಿಮಿಟ್ ಹಾಕುತ್ತಾರೆ. ಅದು ಆ ಕ್ಷಣವೇ 199ಕ್ಕೆ, 198ಕ್ಕೆ ಮಾರಿಹೋಗುತ್ತದೆ. ಯಾಕೆಂದರೆ ‘180ಕ್ಕೆ ಅಥವಾ ಜಾಸ್ತಿಗೆ’ ಅಂತ ನೀವೇ ಬರೆದಿದ್ದೀರಿ, ಜಾಸ್ತಿ ಕೊಡುವವರು ಆಗಲೇ ಇದ್ದಾರೆ. ಈ ಕೆಲಸಕ್ಕೆ ಬೇಕಾದದ್ದು ‘ಸ್ಟಾಪ್ ಲಿಮಿಟ್’.

ಇದರಲ್ಲಿ ಎರಡು ದರ. ಒಂದು ಟ್ರಿಗರ್, ಇನ್ನೊಂದು ಲಿಮಿಟ್. ಟ್ರಿಗರ್ 180, ಲಿಮಿಟ್ 176 ಅಂತ ಬರೆದರೆ, ದರ 180 ಮುಟ್ಟುವವರೆಗೂ ಆರ್ಡರ್ ಮಲಗಿರುತ್ತದೆ. ಮುಟ್ಟಿದ ಕೂಡಲೇ 176ಕ್ಕೆ ಮಾರುವ ಲಿಮಿಟ್ ಆಗಿ ಪಟ್ಟಿಗೆ ಬರುತ್ತದೆ. ಎರಡೂ ಕಡೆ 180 ಬರೆಯಬೇಡಿ. ದರ ಓಡುತ್ತಿರುವಾಗ ಅದು ತುಂಬುವ ಮುಂಚೆಯೇ 179ಕ್ಕೆ ಹೋಗಿರುತ್ತದೆ. ನಡುವೆ ಜಾಗ ಬಿಡಿ. ಜಾಗ ಬಿಟ್ಟರೂ ದರ 181ರಿಂದ ಒಂದೇ ಸಲ 170ಕ್ಕೆ ಹಾರಿದರೆ ನಿಮ್ಮ ಆರ್ಡರ್ 176ರಲ್ಲಿ ಮಾರದೆ ನಿಂತಿರುತ್ತದೆ.

ಹಾಗಾದರೆ ಟ್ರಿಗರ್ ಮುಟ್ಟಿದ ಕೂಡಲೇ ಸಿಕ್ಕ ದರಕ್ಕೆ ಮಾರುವ, ಲಿಮಿಟ್ ಇಲ್ಲದ ‘ಸ್ಟಾಪ್ ಮಾರ್ಕೆಟ್’ ಒಳ್ಳೆಯದಾ? ಅದಕ್ಕೆ 2017ರ ಜೂನ್ 21ರ ಘಟನೆ ನೋಡಿ. ಅಮೆರಿಕದ ಕಾಯಿನ್‌ಬೇಸ್ ಕಂಪನಿಯ ಜಿಡ್ಯಾಕ್ಸ್ ಎಕ್ಸ್‌ಚೇಂಜಿನಲ್ಲಿ ಯಾರೋ ಹತ್ತಾರು ಲಕ್ಷ ಡಾಲರ್ ಬೆಲೆಯ ಈಥರ್‌ಗೆ ಒಂದೇ ಮಾರ್ಕೆಟ್ ಆರ್ಡರ್ ಹಾಕಿ ಮಾರಿದರು. ಪಟ್ಟಿಯ ಹಸಿರು ಸಾಲುಗಳು ಒಂದೊಂದಾಗಿ ಖಾಲಿಯಾದವು. 317 ಡಾಲರ್ ಇದ್ದ ದರ 224ಕ್ಕೆ ಇಳಿಯಿತು. ಅಲ್ಲಿಂದ ಸುಮಾರು 800 ಸ್ಟಾಪ್ ಆರ್ಡರ್ ಮತ್ತು ಸಾಲದ ಮೇಲೆ ಕೊಂಡವರ ಕಡ್ಡಾಯ ಮಾರಾಟ ಒಂದರ ಹಿಂದೆ ಒಂದು ಬಿದ್ದವು. ಕೆಲವು ಈಥರ್ 10 ಸೆಂಟಿಗೆ ಮಾರಿಹೋಯಿತು. ದರ ಬೇಗನೆ ಮೇಲೆ ಬಂತು, ಆದರೆ ಮಾರಿದವರದ್ದು ಮಾರಿದ್ದೇ. ಆ ಕಂಪನಿ ಆಮೇಲೆ ತನ್ನ ಹಣದಿಂದ ನಷ್ಟ ತುಂಬಿಕೊಡುವುದಾಗಿ ಹೇಳಿತು. ಎಲ್ಲರೂ ಹಾಗೆ ಮಾಡುತ್ತಾರೆ ಅನ್ನುವಂತಿಲ್ಲ. ಅವತ್ತು ಕೆಳಗೆ ಲಿಮಿಟ್ ಬರೆದಿದ್ದವರ ಈಥರ್ 10 ಸೆಂಟಿಗೆ ಹೋಗುವ ಹಾಗೇ ಇರಲಿಲ್ಲ.

ನನ್ನ ಮಟ್ಟಿಗೆ, ತೆಳ್ಳಗಿನ ಪಟ್ಟಿಯ ಕಾಯಿನ್‌ಗಳಲ್ಲಿ ಸ್ಟಾಪ್ ಮಾರ್ಕೆಟ್ ಬೇಡ, ಸ್ಟಾಪ್ ಲಿಮಿಟ್ಟೇ ಸರಿ.

ಎಕ್ಸ್‌ಚೇಂಜ್ ಬಗ್ಗೆ ಎರಡು ಮಾತು

ಕ್ರಿಪ್ಟೋ ವ್ಯಾಪಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅನ್ನುವ ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಆದರೂ ಕ್ರಿಪ್ಟೋ ನಮ್ಮಲ್ಲಿ ರೂಪಾಯಿಯಂಥ ಚಲಾವಣೆಯ ಹಣವಲ್ಲ. ಬ್ಯಾಂಕ್ ಠೇವಣಿಗೆ ಇರುವ ವಿಮೆಯೂ ಇಲ್ಲ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಿರುವುದನ್ನೇ ಆರಿಸಿ. ನೋಂದಣಿ ಇದ್ದ ಮಾತ್ರಕ್ಕೆ ಹಣ ಭದ್ರ ಅಂತಲ್ಲ. 2024ರ ಜುಲೈಯಲ್ಲಿ ನಮ್ಮ ದೇಶದ್ದೇ ಒಂದು ದೊಡ್ಡ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳ್ಳತನವಾಯಿತು. ಆರ್ಡರ್ ಎಷ್ಟು ಚೆನ್ನಾಗಿ ಬರೆದರೂ ಇಂಥದ್ದರಿಂದ ಅದು ಕಾಪಾಡುವುದಿಲ್ಲ. ‘ನೀವು ಹಣ ಹಾಕಿ, ಆರ್ಡರ್ ನಾವು ಹಾಕುತ್ತೇವೆ’ ಅಂತ ವಾಟ್ಸ್ಆ್ಯಪಿನಲ್ಲೋ ಟೆಲಿಗ್ರಾಮಿನಲ್ಲೋ ಬರುವವರನ್ನು ಅಲ್ಲೇ ಬ್ಲಾಕ್ ಮಾಡಿ.

ಮೊದಲ ಸಲ ಮಾಡುವವರು ಹೀಗೆ ಮಾಡಿ ನೋಡಿ. ಎಕ್ಸ್‌ಚೇಂಜ್ ಒಪ್ಪುವ ಅತಿ ಚಿಕ್ಕ ಮೊತ್ತಕ್ಕೆ, ನಡೆಯುತ್ತಿರುವ ದರಕ್ಕಿಂತ ಬಹಳ ಕೆಳಗೆ, ತುಂಬುವ ಸಾಧ್ಯತೆಯೇ ಇಲ್ಲದ ಒಂದು ಕೊಳ್ಳುವ ಲಿಮಿಟ್ ಹಾಕಿ. ಆರ್ಡರ್ ಬುಕ್‌ನಲ್ಲಿ ಹಸಿರು ಸಾಲು ಹೇಗಿದೆ ನೋಡಿ. ಓಪನ್ ಆರ್ಡರ್ಸ್‌ಗೆ ಹೋಗಿ ನಿಮ್ಮದನ್ನು ಹುಡುಕಿ. ಎಷ್ಟು ಹಣ ಕಟ್ಟಿಬಿದ್ದಿದೆ ನೋಡಿ. ರದ್ದು ಮಾಡಿ. ಹಣ ವಾಪಸ್ ಬಂದದ್ದನ್ನು ಖಚಿತ ಮಾಡಿಕೊಳ್ಳಿ. ಇಷ್ಟನ್ನು ಎರಡು ಮೂರು ಸಲ ಮಾಡಿ ಕೈ ಪಳಗಿದ ಮೇಲೆ ನಿಜವಾದ ದರ ಬರೆಯಿರಿ. ಅಕ್ಕನ ಮಗನಿಂದಲೂ ಆ ರಾತ್ರಿ ಇದನ್ನೇ ಮಾಡಿಸಿದೆ.

ಬರೆದ ದರವನ್ನು ಡೈರಿಯಲ್ಲೂ ಬರೆದಿಡಿ: ದಿನಾಂಕ, ಕಾಯಿನ್, ದರ, ಪ್ರಮಾಣ, ಯಾಕೆ ಆ ದರ ಅನ್ನುವುದಕ್ಕೆ ಒಂದು ಸಾಲು. ವಾರಕ್ಕೊಮ್ಮೆ ಓಪನ್ ಆರ್ಡರ್ಸ್ ಜೊತೆ ತಾಳೆ ನೋಡಿ. ಕಾರಣ ಈಗ ಉಳಿದಿಲ್ಲ ಅನ್ನಿಸಿದ ಆರ್ಡರನ್ನು ತೆಗೆಯಿರಿ. ಮಾರ್ಚ್ 31 ದಾಟಿದ ಮೇಲೆ ಎಕ್ಸ್‌ಚೇಂಜಿನಿಂದ ಇಡೀ ವರ್ಷದ ಟ್ರೇಡ್ ರಿಪೋರ್ಟ್ ಇಳಿಸಿಕೊಳ್ಳಿ. ಅರ್ಧ ತುಂಬಿದ ಆರ್ಡರ್‌ಗಳು ಅದರಲ್ಲಿ ಬೇರೆ ಬೇರೆ ಸಾಲುಗಳಾಗಿ ಬರುತ್ತವೆ. ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಪ್ಯಾನ್‌ಗೆ ತೋರಿಸುವ ಟಿಡಿಎಸ್ ಜೊತೆ ಅದನ್ನು ಹೊಂದಿಸಿ ನೋಡಿ, ವ್ಯತ್ಯಾಸ ಇದ್ದರೆ ರಿಟರ್ನ್ ಹಾಕುವ ಮುಂಚೆಯೇ ಎಕ್ಸ್‌ಚೇಂಜ್‌ಗೆ ಬರೆದು ಕೇಳಿ.